ಒಂದು ಸಾಲಿನ ಇಂಡೆಂಟು, ಬೀರುವಿನಲ್ಲಿ ಕುಳಿತ ಗಾಜು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮಾರ್ಚ್ ತಿಂಗಳು ಸಮೀಪಿಸಿದಂತೆ ನಮ್ಮ ಕೋಲಾರ ಜಿಲ್ಲೆಯ ಕಾಲೇಜುಗಳ ವಿಜ್ಞಾನ ವಿಭಾಗಗಳಲ್ಲಿ ಪ್ರಯೋಗಾಲಯದ ಸಾಮಾನುಗಳಿಗೆ ಇಂಡೆಂಟು ಬರೆಯುವ ಗಡಿಬಿಡಿ ಶುರುವಾಗುತ್ತದೆ. ಆರ್ಥಿಕ ವರ್ಷ ಮುಗಿಯುವುದರೊಳಗೆ ಅನುದಾನವನ್ನು ವೆಚ್ಚ ಮಾಡಿ ಲೆಕ್ಕ ಒಪ್ಪಿಸಬೇಕಾದ ಧಾವಂತದಲ್ಲಿ ಹೋದ ವರ್ಷದ ಪಟ್ಟಿಯನ್ನೇ ನಕಲು ಮಾಡಿ, ಮೂರು ಕೊಟೇಶನ್ ತರಿಸಿ, ಎಲ್ಲಕ್ಕಿಂತ ಕಡಿಮೆ ದರ ಬರೆದವರಿಗೆ ಆರ್ಡರು ಕೊಟ್ಟು ಕೈತೊಳೆದುಕೊಳ್ಳುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ, ನಾನೂ ಮಾಡಿದ್ದೇನೆ. ಆ ಪಟ್ಟಿಯಲ್ಲಿ ‘ವ್ಯಾಕ್ಯೂಮ್ ಫಿಲ್ಟ್ರೇಶನ್ ಸೆಟ್, ಗಾಜಿನದು – 1’ ಎಂದು, ಅಂದರೆ ಗಾಳಿಯನ್ನು ಹೊರಗೆಳೆದು ದ್ರವವನ್ನು ಸೋಸುವ ಉಪಕರಣಕ್ಕಾಗಿ, ಒಂದು ಸಾಲು ಇರುತ್ತದೆ. ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಮೂರು ದಶಕ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾಗಿರುವ ನಾನು ಈ ಪತ್ರವನ್ನು ಆ ಒಂದು ಸಾಲಿನ ಬಗ್ಗೆಯೇ ಬರೆಯುತ್ತಿದ್ದೇನೆ. ಅಷ್ಟು ಮಾತ್ರ ಬರೆದು ತರಿಸಿದ ಸೆಟ್ಟುಗಳಲ್ಲಿ ಹೆಚ್ಚಿನವು ಸ್ಟಾಕ್ ರಿಜಿಸ್ಟರಿನಲ್ಲಿ ನಮೂದಾಗಿ, ಥರ್ಮಾಕೋಲ್ ಪೆಟ್ಟಿಗೆಯಿಂದ ಹೊರಗೆ ಬರದೆ ಬೀರುವಿನಲ್ಲಿಯೇ ಕುಳಿತಿರುತ್ತವೆ.

ಇದು ಉಪನ್ಯಾಸಕರ ಖಾಸಗಿ ಗೋಳು ಎಂದು ಓದುಗರು ಪುಟ ತಿರುಗಿಸಬಾರದೆಂದು ಪ್ರಾರ್ಥನೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಆ ನೀರು ಕೆರೆಯಲ್ಲಿ ನಿಂತು, ಇಂಗಿ, ಕೊಳವೆಬಾವಿಗಳ ಮೂಲಕ ಮತ್ತೆ ನಮ್ಮ ಕೈಗೆ ಬರುವುದರಿಂದ, ಅದರಲ್ಲಿ ಏನಿದೆ ಎಂದು ತಿಳಿದುಕೊಳ್ಳುವ ಕುತೂಹಲ ಬಿ.ಎಸ್ಸಿ. ಓದುವ ಹುಡುಗರಲ್ಲೂ ಹುಟ್ಟಿದೆ. ಯೋಜನಾ ವರದಿ ಬರೆಯಬೇಕಾದಾಗ ಅವರು ಆರಿಸಿಕೊಳ್ಳುವ ವಿಷಯ ಬಹುಮಟ್ಟಿಗೆ ತಮ್ಮೂರಿನ ಕೆರೆಯ ನೀರೇ. ನೀರಿನಲ್ಲಿ ತೇಲುವ ಘನಪದಾರ್ಥವನ್ನು ತೂಗುವುದಿರಲಿ, ಮಲದ ಸೋಂಕನ್ನು ಸೂಚಿಸುವ ಬ್ಯಾಕ್ಟೀರಿಯಾ ಇ. ಕೋಲೈ ಎಣಿಸುವುದಿರಲಿ, ಕರಗಿದ ಲೋಹವನ್ನು ಅಳೆಯುವುದಿರಲಿ, ಮೊದಲ ಹೆಜ್ಜೆ ಸೋಸುವುದು. ಆ ಹೆಜ್ಜೆಯೇ ತಪ್ಪಿದರೆ ಮುಂದೆ ಎಷ್ಟು ಬೆಲೆಯ ಯಂತ್ರವಿಟ್ಟರೂ ಬರುವ ಅಂಕಿ ತಪ್ಪೇ.

ಉಪಕರಣದ ತತ್ವ ಸರಳವಾದದ್ದು. ಆಲಿಕೆಯಲ್ಲಿ ಕಾಗದವಿಟ್ಟು ಸುರಿದಾಗ ನೀರು ತನ್ನ ಭಾರದಿಂದ ಮಾತ್ರ ಇಳಿಯುತ್ತದೆ. ಕೆಳಗಿನ ಪಾತ್ರೆಯ ಗಾಳಿಯನ್ನು ಹೊರಗೆಳೆದರೆ ಮೇಲಿನ ವಾತಾವರಣವೇ ಅದನ್ನು ಒತ್ತಿ ಕೆಳಗೆ ತಳ್ಳುತ್ತದೆ. ಜರ್ಮನಿಯ ಅರ್ನ್ಸ್ಟ್ ಬುಚ್ನರ್ 1888ರಲ್ಲಿ ಪ್ರಕಟಿಸಿದ, ತಳದಲ್ಲಿ ತೂತುಗಳಿರುವ ಪಿಂಗಾಣಿ ಆಲಿಕೆ ಇಂದಿಗೂ ನಮ್ಮ ಪ್ರಯೋಗಾಲಯಗಳಲ್ಲಿದೆ. ಹರಳುಗಳನ್ನು ಬೇರ್ಪಡಿಸಲು ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಈಗ ಗಾಜಿನ ಸೆಟ್ ಎಂದು ಮಾರುವುದು ಬೇರೆಯದು: 300 ಮಿಲಿಲೀಟರಿನ ಗಾಜಿನ ಆಲಿಕೆ, ಅದರ ಕೆಳಗೆ 47 ಮಿಲಿಮೀಟರ್ ವ್ಯಾಸದ ಮೆಂಬ್ರೇನ್ (ಅತಿ ಸಣ್ಣ ರಂಧ್ರಗಳಿರುವ, ಸೋಸುವ ತೆಳು ಹಾಳೆ) ಕೂರುವ ಚಪ್ಪಟೆ ಆಸರೆ, ಎರಡನ್ನೂ ಬಿಗಿಹಿಡಿಯುವ ಅಲ್ಯೂಮಿನಿಯಂ ಕ್ಲ್ಯಾಂಪು, ಅಡಿಯಲ್ಲಿ ಪಕ್ಕಕ್ಕೆ ಕೊಳವೆ ಇರುವ ಒಂದು ಲೀಟರಿನ ದಪ್ಪ ಗೋಡೆಯ ಫ್ಲಾಸ್ಕು. ನಾಲ್ಕು ತುಂಡುಗಳೂ ಒಂದಕ್ಕೊಂದು ಹೊಂದಿದರೆ ಮಾತ್ರ ಅದು ಸೆಟ್.

ನಮ್ಮ ಕಾಲೇಜಿಗೆ ಮೊದಲ ಸಲ ಇಂಥದ್ದು ಬಂದಾಗ ಹೊಂದಲಿಲ್ಲ. ಆಲಿಕೆ ಒಬ್ಬ ತಯಾರಕರದು, ಫ್ಲಾಸ್ಕು ಇನ್ನೊಬ್ಬರದು. ಉಜ್ಜಿದ ಗಾಜಿನ ಜಾಯಿಂಟು ಒಂದರಲ್ಲಿ 24/29, ಇನ್ನೊಂದರಲ್ಲಿ 29/32. ಈ ಅಂಕಿಗಳಲ್ಲಿ ಮೊದಲನೆಯದು ಜಾಯಿಂಟಿನ ಅಗಲವಾದ ತುದಿಯ ವ್ಯಾಸ, ಎರಡನೆಯದು ಅದರ ಉದ್ದ, ಎರಡೂ ಮಿಲಿಮೀಟರುಗಳಲ್ಲಿ. ಪೆಟ್ಟಿಗೆ ಬಿಚ್ಚಿದ ಅಟೆಂಡರ್ ಎರಡನ್ನೂ ಕೈಯಲ್ಲಿ ಹಿಡಿದು, ‘ಸಾರ್, ಕೊಡ ನಮ್ಮನೇದು, ಮುಚ್ಚಳ ಪಕ್ಕದ ಮನೇದು’ ಎಂದರು. ಸರಬರಾಜುದಾರರನ್ನು ಕೇಳಿದರೆ, ‘ನೀವು ಜಾಯಿಂಟಿನ ಗಾತ್ರ ಬರೆದಿರಲಿಲ್ಲವಲ್ಲ’ ಎಂದರು. ಅವರು ಹೇಳಿದ್ದು ನಿಜವಾಗಿತ್ತು.

ಆಗ ನಾನು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಕೆಲಸ ನಿಲ್ಲಬಾರದೆಂದು, ಎರಡು ತೂತಿನ ರಬ್ಬರ್ ಬಿರಡೆ ಹಾಕಿ ಸಾಮಾನ್ಯ ಕೋನಿಕಲ್ ಫ್ಲಾಸ್ಕನ್ನೇ ಪಂಪಿಗೆ ಜೋಡಿಸಲು ಒಪ್ಪಿಕೊಂಡೆ. ಎರಡು ದಿನ ನಡೆಯಿತು. ಮೂರನೆಯ ದಿನ ಅದು ಪಟಾಕಿಯ ಸದ್ದಿನೊಡನೆ ಒಳಕ್ಕೆ ಕುಸಿದು ಚೂರಾಯಿತು. ಅದರ ಮುಂದೆ ನಿಂತಿರಬೇಕಾಗಿದ್ದ ವಿದ್ಯಾರ್ಥಿನಿ ಆ ಹೊತ್ತಿಗೆ ತಕ್ಕಡಿಯ ಕೋಣೆಗೆ ಹೋಗಿದ್ದಳು ಎಂಬುದನ್ನು ಬಿಟ್ಟರೆ ನಮ್ಮನ್ನು ಕಾಯ್ದದ್ದು ಬೇರೇನೂ ಇಲ್ಲ. ಲೆಕ್ಕ ಹಾಕಿದರೆ ಆಶ್ಚರ್ಯಪಡುವಂಥದ್ದೂ ಇಲ್ಲ: ಒಂದು ಲೀಟರಿನ ಫ್ಲಾಸ್ಕಿನ ಬುಡದ ವ್ಯಾಸ ಸುಮಾರು 13 ಸೆಂಟಿಮೀಟರ್, ಒಳಗಿನ ಗಾಳಿಯನ್ನೆಲ್ಲ ತೆಗೆದರೆ ಆ ಚಪ್ಪಟೆ ತಳವೊಂದರ ಮೇಲೆಯೇ 100 ಕಿಲೋಗೂ ಮೀರಿದ ಭಾರ ಬೀಳುತ್ತದೆ. ತೆಳು ಗೋಡೆಯ, ಚಪ್ಪಟೆ ತಳದ ಪಾತ್ರೆಯನ್ನು ಅದಕ್ಕಾಗಿ ಮಾಡಿರುವುದಿಲ್ಲ. ಸೋಸುವ ಫ್ಲಾಸ್ಕಿನ ಗೋಡೆ ದಪ್ಪವಾಗಿರುವುದು ಈ ಕಾರಣಕ್ಕೆ, ಬೆಲೆ ಹೆಚ್ಚಿರುವುದೂ ಈ ಕಾರಣಕ್ಕೆ. ದಪ್ಪ ಗೋಡೆಯದಾದರೂ ಗೀರು ಬಿದ್ದಿದ್ದರೆ, ನಕ್ಷತ್ರದ ಆಕಾರದ ಸಣ್ಣ ಬಿರುಕು ಕಂಡರೆ ಅದನ್ನು ನಿರ್ವಾತಕ್ಕೆ ಬಳಸಕೂಡದು. ಅಂದಿನಿಂದ ನಾನು ಪ್ರತಿ ಸಲ ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿ ನೋಡಿದ ಮೇಲೆಯೇ, ಕಣ್ಣಿಗೆ ಕನ್ನಡಕ ಹಾಕಿಸಿ ಪಂಪು ಶುರು ಮಾಡಿಸುತ್ತಿದ್ದೆ.

ಗಾಜಿನ ವಿಚಾರದಲ್ಲಿ ನೋಡಬೇಕಾದ ಗುರುತು ‘ಬೋರೋಸಿಲಿಕೇಟ್ 3.3’. ಒಂದು ಡಿಗ್ರಿ ಬಿಸಿಯೇರಿದರೆ ಈ ಗಾಜು ತನ್ನ ಉದ್ದದ ಹತ್ತು ಲಕ್ಷದಲ್ಲಿ 3.3 ಭಾಗದಷ್ಟು ಮಾತ್ರ ಹಿಗ್ಗುತ್ತದೆ ಎಂಬುದನ್ನು ಆ ಅಂಕಿ ಹೇಳುತ್ತದೆ. ಕಿಟಕಿಗೂ ಬಾಟಲಿಗೂ ಬಳಸುವ ಸಾದಾ ಗಾಜು ಹಿಗ್ಗುವುದು ಸುಮಾರು 9 ಭಾಗ. ಸೂಕ್ಷ್ಮಜೀವಿ ಪರೀಕ್ಷೆಗೆ ಆಲಿಕೆಯನ್ನು 121 ಡಿಗ್ರಿಯ ಹಬೆಯಲ್ಲಿ ಮತ್ತೆ ಮತ್ತೆ ಬೇಯಿಸಬೇಕಾಗುವುದರಿಂದ ಈ ವ್ಯತ್ಯಾಸ ದೊಡ್ಡದು.

ಇನ್ನು ಮೆಂಬ್ರೇನ್ ಕೂರುವ ಆಸರೆ. ಕೊಟೇಶನ್ನಿನಲ್ಲಿ ಯಾರೂ ಕೇಳದ, ಆದರೆ ನನ್ನ ಮಟ್ಟಿಗೆ ಇಡೀ ಸೆಟ್ಟಿನಲ್ಲಿ ಅತ್ಯಂತ ಮುಖ್ಯವಾದ ಆಯ್ಕೆ ಇದು. ಆಸರೆ ಎರಡು ಬಗೆ. ಒಂದು, ಗಾಜಿನ ಪುಡಿಯನ್ನು ಕರಗುವ ಅಂಚಿನವರೆಗೆ ಕಾಯಿಸಿ ಅಂಟಿಸಿದ ಬಿಳಿಯ ಬಿಲ್ಲೆ. ಇದನ್ನು ಸಿಂಟರ್ಡ್ ಗಾಜು ಎನ್ನುತ್ತಾರೆ. ಇನ್ನೊಂದು, ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಜಾಲರಿ. ಗಾಜಿನ ಬಿಲ್ಲೆ ಆಮ್ಲಕ್ಕೂ ಸಾವಯವ ದ್ರಾವಕಕ್ಕೂ ಜಗ್ಗುವುದಿಲ್ಲ. ಮೆಂಬ್ರೇನಿನ ಉದ್ದಗಲಕ್ಕೂ ದ್ರವವನ್ನು ಒಂದೇ ಸಮನಾಗಿ ಎಳೆಯುತ್ತದೆ. ಲೋಹದ ಸೋಂಕು ತಗಲಿಸುವುದಿಲ್ಲ. ಆದ್ದರಿಂದ ಕರಗಿದ ಲೋಹಗಳ ಪರೀಕ್ಷೆಗೆ, ಔಷಧ ವಿಶ್ಲೇಷಣೆಗೆ ಬೇಕಾದ ದ್ರಾವಕಗಳನ್ನು ಶುಚಿಮಾಡಲು ಅದೇ ಸರಿ. ಆದರೆ ಮಳೆಗಾಲದ ಮೊದಲ ವಾರ ನಮ್ಮ ಕೆರೆಯಿಂದ ತಂದ ಕೆಮ್ಮಣ್ಣಿನ ನೀರನ್ನು ಅದರ ಮೇಲೆ ಸುರಿದು, ಮೆಂಬ್ರೇನ್ ಒಂದಿಷ್ಟು ಸರಿದಿದ್ದರೆ, ನುಣುಪಾದ ಮಣ್ಣು ಬಿಲ್ಲೆಯ ರಂಧ್ರಗಳೊಳಗೆ ಹೊಕ್ಕು ಕುಳಿತುಬಿಡುತ್ತದೆ. ಅದನ್ನು ಹೊರಡಿಸುವುದು ಚಕ್ಕುಲಿ ಒರಳಿನ ತೂತಿಗೆ ಕಟ್ಟಿಕೊಂಡ ಹಿಟ್ಟನ್ನು ತೆಗೆದಂತಲ್ಲ, ದಿನಗಟ್ಟಲೆಯ ಕೆಲಸ. ಜಾಲರಿಯಾದರೆ ಬ್ರಷ್ಷಿನಲ್ಲಿ ಉಜ್ಜಿ ನಲ್ಲಿಗೆ ಹಿಡಿದರೆ ಮುಗಿಯಿತು. ಕೆರೆ ನೀರಿನ ಕೆಲಸವೇ ಹೆಚ್ಚಾಗಿರುವ ಕಾಲೇಜು ಕಣ್ಣುಮುಚ್ಚಿ ಜಾಲರಿಯ ಆಸರೆ ಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ; ಇದನ್ನು ಒಪ್ಪದ ಗೆಳೆಯರೂ ನನಗಿದ್ದಾರೆ.

ಬೀರುವಿನಲ್ಲಿ ಗಾಜು ಕೂರಲು ಮತ್ತೊಂದು ಕಾರಣ, ಅದರ ಜೊತೆಗೆ ಮೆಂಬ್ರೇನ್ ತರಿಸದಿರುವುದು. ಒಲೆ ಕೊಂಡು ಸಿಲಿಂಡರ್ ಮರೆತಂತೆ. ಮೆಂಬ್ರೇನ್ ತರಿಸಿದರೂ ಯಾವುದು ಎಂದು ಬರೆಯದಿದ್ದರೆ ಕಷ್ಟವೇ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲೈ ಪತ್ತೆಯಾಗಬಾರದು, ಈ ಪರೀಕ್ಷೆಗೆ 0.45 ಮೈಕ್ರಾನ್ ರಂಧ್ರದ, ಗೆರೆ ಹಾಕಿದ, ಕ್ರಿಮಿಶುದ್ಧವಾದ ಸೆಲ್ಯುಲೋಸ್ ಎಸ್ಟರ್ ಮೆಂಬ್ರೇನ್ ಬೇಕು. ಅದೇ ಮೆಂಬ್ರೇನಿನ ಮೇಲೆ ಅಸಿಟೋನ್ ಸುರಿದರೆ ಅದು ಕರಗಿಹೋಗುತ್ತದೆ, ಹಾಗೆ ಕರಗಿಸಿಕೊಂಡವರನ್ನು ನಾನು ಕಂಡಿದ್ದೇನೆ. ದ್ರಾವಕಗಳಿಗೆ ನೈಲಾನ್ ಅಥವಾ ಪಿಟಿಎಫ್ಇ (ಟೆಫ್ಲಾನ್). ಪಿಟಿಎಫ್ಇ ನೀರನ್ನು ಹತ್ತಿರ ಸೇರಿಸದ ವಸ್ತುವಾದ್ದರಿಂದ ನೀರನ್ನು ಸೋಸಬೇಕಾದರೆ ಮೊದಲು ಆಲ್ಕೋಹಾಲಿನಲ್ಲಿ ತೋಯಿಸಬೇಕು. ತೇಲುವ ಘನಪದಾರ್ಥವನ್ನು ತೂಗಲು ಬೇಕಾದದ್ದು ಮೆಂಬ್ರೇನ್ ಅಲ್ಲವೇ ಅಲ್ಲ, ಗಾಜಿನ ನಾರಿನ ಬಿಲ್ಲೆ. ಅದನ್ನು ಮೊದಲೇ ತೊಳೆದು, 103ರಿಂದ 105 ಡಿಗ್ರಿಯಲ್ಲಿ ಒಣಗಿಸಿ ತೂಗಿಟ್ಟುಕೊಂಡು, ಸೋಸಿದ ಮೇಲೆ ಮತ್ತೆ ಒಣಗಿಸಿ ತೂಗುತ್ತಾರೆ.

ತೂಕದ ಮಾತು ಬಂದದ್ದರಿಂದ ಇಲ್ಲಿಯೇ ಒಂದು ವಿಷಯ. ಲೀಟರಿಗೆ 50 ಮಿಲಿಗ್ರಾಂ ಘನಪದಾರ್ಥವಿರುವ ನೀರನ್ನು 100 ಮಿಲಿಲೀಟರ್ ಸೋಸಿದರೆ ಬಿಲ್ಲೆಯ ಮೇಲೆ ಉಳಿಯುವುದು 5 ಮಿಲಿಗ್ರಾಂ. ಹತ್ತು ಮಿಲಿಗ್ರಾಮಿಗಿಂತ ಕಡಿಮೆಯನ್ನು ತೋರಿಸದ ತಕ್ಕಡಿ ಇರುವ ಪ್ರಯೋಗಾಲಯ ಇದಕ್ಕಾಗಿ ಸೋಸುವ ಸೆಟ್ ಕೊಂಡು ಪ್ರಯೋಜನವಿಲ್ಲ, ಮೊದಲು 0.1 ಮಿಲಿಗ್ರಾಂ ತೂಗುವ ತಕ್ಕಡಿ ಬರಬೇಕು.

ಈಗ ಗಾಳಿಯನ್ನು ಎಳೆಯುವ ಪಂಪಿನ ವಿಚಾರಕ್ಕೆ ಬರುತ್ತೇನೆ. ಈ ವಿಷಯದಲ್ಲಿ ನಮ್ಮ ಜಿಲ್ಲೆಯ ಪರಿಸ್ಥಿತಿಯೇ ಬೇರೆ. ಪಠ್ಯಪುಸ್ತಕಗಳಲ್ಲಿ ಇಂದಿಗೂ ನಲ್ಲಿಗೆ ಸಿಕ್ಕಿಸುವ, ಹರಿಯುವ ನೀರಿನ ರಭಸದಿಂದ ಗಾಳಿಯನ್ನೆಳೆಯುವ ವಾಟರ್ ಜೆಟ್ ಪಂಪಿನ ಚಿತ್ರವಿರುತ್ತದೆ. ಅಗ್ಗವಾದದ್ದು, ಕೆಡುವ ಭಾಗಗಳಿಲ್ಲದ್ದು ಎಂದು ಸರಬರಾಜುದಾರರೂ ಅದನ್ನೇ ಸೆಟ್ಟಿನೊಂದಿಗೆ ಕೊಡುತ್ತಾರೆ. ಅದು ನಿಮಿಷಕ್ಕೆ ಸುಮಾರು ಆರರಿಂದ ಹತ್ತು ಲೀಟರ್ ನೀರು ಕುಡಿಯುತ್ತದೆ. ಕೆಸರು ನೀರಿನ ಒಂದು ಲೀಟರ್ ಸೋಸಲು ಇಪ್ಪತ್ತು ನಿಮಿಷ ಹಿಡಿದರೆ 120ರಿಂದ 200 ಲೀಟರ್ ಒಳ್ಳೆಯ ನೀರು ಚರಂಡಿಗೆ ಹೋಗುತ್ತದೆ. ಸಾವಿರ ಅಡಿ ಕೊರೆದರೂ ನೀರು ಸಿಗುತ್ತದೆಂಬ ಭರವಸೆಯಿಲ್ಲದ, ಬೇಸಿಗೆಯಲ್ಲಿ ಕಾಲೇಜಿಗೂ ಟ್ಯಾಂಕರ್ ತರಿಸುವ ಊರಿನಲ್ಲಿ ನೀರಿನ ಬಗ್ಗೆ ಯೋಜನಾ ವರದಿ ಬರೆಯಲು ಇಷ್ಟು ನೀರು ಚೆಲ್ಲುವುದು ನಾಚಿಕೆಗೇಡು. ಅಷ್ಟಾದರೂ ಅದು ಸರಿಯಾಗಿ ಕೆಲಸ ಮಾಡುವುದೂ ಇಲ್ಲ. ಅದಕ್ಕೆ ನಗರದ ದೊಡ್ಡ ಕೊಳವೆಯ ಒತ್ತಡ ಬೇಕು. ನಮ್ಮ ಕಟ್ಟಡಗಳ ಮಾಳಿಗೆಯ ಮೇಲಿನ ಸಿಂಟೆಕ್ಸ್ ತೊಟ್ಟಿಯಿಂದ ಮೂರು ನಾಲ್ಕು ಮೀಟರ್ ಇಳಿದು ಬರುವ ನೀರಿಗೆ ಆ ಬಲವಿಲ್ಲ.

ವಿದ್ಯುತ್ ಪಂಪಿನಲ್ಲಿ ಎಣ್ಣೆ ಬೇಡದ ಡಯಾಫ್ರಾಮ್ ಮಾದರಿಯನ್ನು ಆರಿಸಬೇಕು. ನೀರಿನ ಆವಿ ಎಳೆದು ಎಳೆದು ಎಣ್ಣೆಯ ಪಂಪು ಬೇಗ ಹಾಳಾಗುತ್ತದೆ, ಎಣ್ಣೆ ಬದಲಿಸುವವರೂ ಇರುವುದಿಲ್ಲ. ಕ್ಯಾಟಲಾಗಿನಲ್ಲಿ ‘700 ಮಿಲಿಮೀಟರ್ ಪಾದರಸದಷ್ಟು ನಿರ್ವಾತ’ ಎಂದು ಬರೆದಿರುವ ಪಂಪು ಇಲ್ಲಿಗೆ ಬಂದ ಮೇಲೆ ಅಷ್ಟು ತೋರಿಸುವುದಿಲ್ಲವೆಂದು ಜಗಳವಾದದ್ದುಂಟು. ಪಂಪಿನಲ್ಲಿ ದೋಷವಿರಲಿಲ್ಲ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ 760 ಮಿಲಿಮೀಟರ್. 800 ಮೀಟರಿಗೂ ಎತ್ತರದಲ್ಲಿರುವ ಕೋಲಾರದಲ್ಲಿ ಅದು ಸುಮಾರು 690. ಇರುವುದೇ 690 ಆದಾಗ ಯಾವ ಪಂಪೂ 700 ಎಳೆಯಲಾರದು. ಸೋಸುವ ಕೆಲಸಕ್ಕೆ ಅಷ್ಟು ಬೇಕಾಗಿಯೂ ಇಲ್ಲ. ಪಾಚಿಯ ಹರಿತ್ತನ್ನು ಅಳೆಯಲು ಸೋಸುವಾಗಲಂತೂ ಜೀವಕೋಶ ಒಡೆಯದಿರಲೆಂದು 150 ಮಿಲಿಮೀಟರನ್ನು ಮೀರಬಾರದೆಂಬ ನಿಯಮವೇ ಇದೆ. ಆದ್ದರಿಂದ ಪಂಪಿನ ಬಲಕ್ಕಿಂತ ಅದರ ಮೇಲೆ ಒತ್ತಡ ತೋರಿಸುವ ಗೇಜೂ ಅದನ್ನು ಹೊಂದಿಸುವ ತಿರುಪೂ ಇದೆಯೇ ಎಂಬುದನ್ನು ನೋಡುವುದು ಮೇಲು.

ದಿನಕ್ಕೆ ಎರಡು ಮೂರು ಮಾದರಿ ಮಾತ್ರ ಸೋಸುವವರಿಗೆ, ಕರೆಂಟು ಹೋಗುವ ಊರಿನವರಿಗೆ, ಕೆರೆಯ ದಂಡೆಯಲ್ಲೇ ಸೋಸಬೇಕೆನ್ನುವವರಿಗೆ ಕೈಯಲ್ಲಿ ಒತ್ತುವ ಪಂಪು ಸಾಕು. ಕಾರಿನ ಮೆಕ್ಯಾನಿಕ್‌ಗಳು ಬ್ರೇಕ್ ಆಯಿಲ್ ಎಳೆಯಲು ಬಳಸುವುದು ಇದೇ ಜಾತಿಯದು, ಗೇಜು ಸಹಿತ ಬರುತ್ತದೆ. ಬೆಲೆಯ ವ್ಯತ್ಯಾಸ ನೋಡಿದ ಪ್ರಾಂಶುಪಾಲರೊಬ್ಬರು ನನ್ನನ್ನು ನಂಬದೆ, ತಾವೇ ನಾಲ್ಕು ಸಲ ಒತ್ತಿ ನೋಡಿದರು.

ಪಂಪಿಗೂ ಫ್ಲಾಸ್ಕಿಗೂ ನಡುವೆ ಒಂದು ಖಾಲಿ ಬಾಟಲಿ ಇರಲೇಬೇಕು. ಉಕ್ಕಿದ ನೀರು ಅಲ್ಲಿ ನಿಲ್ಲುತ್ತದೆ, ಪಂಪು ಉಳಿಯುತ್ತದೆ. ಅದೂ ನಿರ್ವಾತಕ್ಕೆ ಒಳಗಾಗುವುದರಿಂದ ದಪ್ಪ ಗಾಜಿನದೇ ಆಗಬೇಕು. ಜೋಡಿಸುವ ಕೊಳವೆ ದಪ್ಪ ಗೋಡೆಯ ರಬ್ಬರಿನದಾಗಿರಲಿ. ಗಾರೆ ಕೆಲಸದವರ ಲೆವೆಲ್ ಪೈಪು ಕೈಗೆ ಸಿಕ್ಕಿತೆಂದು ಸಿಕ್ಕಿಸಿದರೆ ಪಂಪು ಶುರುವಾದೊಡನೆ ಅದು ಒಣಗಿದ ಹುರುಳಿಕಾಯಿಯಂತೆ ಅಂಟಿಕೊಳ್ಳುತ್ತದೆ.

ಗಾಜು ಎಲ್ಲಕ್ಕೂ ಒಳ್ಳೆಯದು ಎಂಬ ಭ್ರಮೆಯೂ ಬೇಡ. ನಮ್ಮ ಜಿಲ್ಲೆಯ ಶಾಪವಾಗಿರುವ ಫ್ಲೋರೈಡಿನ ಪರೀಕ್ಷೆಗೆ ನೀರನ್ನು ಹಿಡಿದಿಡಬೇಕಾದದ್ದು ಪಾಲಿಥೀನ್ ಬಾಟಲಿಯಲ್ಲಿ. ಅಂದಹಾಗೆ, ಎಷ್ಟು ಸಣ್ಣ ರಂಧ್ರದ ಮೆಂಬ್ರೇನಿನಲ್ಲಿ ಸೋಸಿದರೂ ಫ್ಲೋರೈಡು ನೀರಿನೊಡನೆಯೇ ಕೆಳಗಿಳಿಯುತ್ತದೆ, ಏಕೆಂದರೆ ಅದು ಕರಗಿರುವ ಪದಾರ್ಥ. ಸೋಸಿದ ನೀರು ಕನ್ನಡಿಯಂತಿದೆ ಎಂದು ಮನೆಯವರಿಗೆ ಕುಡಿಯಲು ಕೊಟ್ಟ ವಿದ್ಯಾರ್ಥಿಯೊಬ್ಬನಿಗೆ, ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಕಣ್ಣಿನಿಂದ ನೋಡಲಾಗುವುದಿಲ್ಲವೆಂದು ವಿವರಿಸಬೇಕಾಯಿತು. ಹಾಗೆಯೇ ಹತ್ತಿಪ್ಪತ್ತು ಮಿಲಿಲೀಟರ್ ಮಾತ್ರ ಸೋಸುವುದಿದ್ದರೆ ಸಿರಿಂಜಿನ ತುದಿಗೆ ಸಿಕ್ಕಿಸುವ ಸಣ್ಣ ಫಿಲ್ಟರು ಸಾಕು. ಬಿಸಿ ದ್ರಾವಣದಿಂದ ಹರಳು ತೆಗೆಯುವ ಮೊದಲು ಕಸ ಬೇರ್ಪಡಿಸಲು ಮಡಿಕೆ ಹಾಕಿದ ಫಿಲ್ಟರ್ ಕಾಗದವೇ ಉತ್ತಮ. ಅಲ್ಲಿ ನಿರ್ವಾತ ಹಚ್ಚಿದರೆ ದ್ರಾವಣ ತಣಿದು ಹರಳು ಆಲಿಕೆಯಲ್ಲೇ ಕಟ್ಟಿಕೊಳ್ಳುತ್ತದೆ.

ತೊಳೆಯುವ ಬಗ್ಗೆ ಎರಡೇ ಮಾತು. ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತೊಳೆದು ಹಾಗೆಯೇ ಒಣಗಿಸಿದರೆ ಆಲಿಕೆಯ ಅಂಚಿನಲ್ಲೂ ಆಸರೆಯ ಬಿಲ್ಲೆಯಲ್ಲೂ ಸುಣ್ಣ ಕಟ್ಟಿ, ಮೆಂಬ್ರೇನ್ ಸಮನಾಗಿ ಕೂರದೆ ಪಕ್ಕದಿಂದ ನೀರು ನುಸುಳುತ್ತದೆ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿದರೆ ಗಾಜಿನ ಮೇಲಿನ ಸುಣ್ಣ ಬಿಡುತ್ತದೆ (ಸ್ಟೀಲಿನ ಜಾಲರಿಗೆ ಈ ಆಮ್ಲ ಮುಟ್ಟಿಸಬಾರದು, ಅದಕ್ಕೆ ವಿನಿಗರ್ ಸಾಕು). ಕೊನೆಗೆ ಜಾಲಿಸುವುದು ಬಟ್ಟಿಯಿಳಿಸಿದ ನೀರಿನಲ್ಲೇ ಆಗಬೇಕು. ಬಿಸಿ ಕಾಸ್ಟಿಕ್ ಸೋಡಾ ಮಾತ್ರ ಬೇಡ, ಅದು ಸಿಂಟರ್ಡ್ ಬಿಲ್ಲೆಯನ್ನೇ ತಿನ್ನುತ್ತದೆ.

ಇಷ್ಟನ್ನೂ ಇಂಡೆಂಟಿನಲ್ಲಿ ಬರೆಯಲು ಜಾಗವೆಲ್ಲಿ ಎಂದು ಕೇಳುವ ಸಹೋದ್ಯೋಗಿಗಳಿಗಾಗಿ, ಕೆರೆ ನೀರಿನ ಕೆಲಸ ಮಾಡುವ ಕಾಲೇಜೊಂದಕ್ಕೆ ನಾನು ಈಚೆಗೆ ಬರೆದುಕೊಟ್ಟ ಒಕ್ಕಣೆಯನ್ನು ಇಲ್ಲಿ ಕೊಡುತ್ತಿದ್ದೇನೆ. ಬೇಕಾದವರು ತಮ್ಮ ಕೆಲಸಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದು: ‘ಬೋರೋಸಿಲಿಕೇಟ್ 3.3 ಗಾಜಿನ ನಿರ್ವಾತ ಸೋಸುವ ಸೆಟ್, 47 ಮಿಲಿಮೀಟರ್ ಮೆಂಬ್ರೇನಿಗೆ, 300 ಮಿಲಿಲೀಟರ್ ಆಲಿಕೆ, ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯ ಆಸರೆ, ಅಲ್ಯೂಮಿನಿಯಂ ಕ್ಲ್ಯಾಂಪು, ಪಕ್ಕದ ಕೊಳವೆಯುಳ್ಳ ದಪ್ಪ ಗೋಡೆಯ 1 ಲೀಟರ್ ಫ್ಲಾಸ್ಕು, ಎಲ್ಲ ಭಾಗಗಳೂ ಒಂದೇ ತಯಾರಕರದಾಗಿದ್ದು ಜಾಯಿಂಟಿನ ಗಾತ್ರವನ್ನು ಕೊಟೇಶನ್ನಿನಲ್ಲಿ ನಮೂದಿಸತಕ್ಕದ್ದು, ಪ್ರತಿಯೊಂದು ಭಾಗವೂ ಬಿಡಿಯಾಗಿ ಸಿಗತಕ್ಕದ್ದು, ಒಂದು ಹೆಚ್ಚುವರಿ ಫ್ಲಾಸ್ಕು, ದಪ್ಪ ಗಾಜಿನ ನಡುಬಾಟಲಿ, ಎರಡು ಮೀಟರ್ ನಿರ್ವಾತದ ರಬ್ಬರ್ ಕೊಳವೆ, ಗೇಜು ಸಹಿತ ಕೈಪಂಪು, 0.45 ಮೈಕ್ರಾನಿನ ಕ್ರಿಮಿಶುದ್ಧ ಮೆಂಬ್ರೇನ್ 100, ಗಾಜಿನ ನಾರಿನ ಬಿಲ್ಲೆ 100 ಜೊತೆಗೆ ಕೊಡತಕ್ಕದ್ದು.’ ಮೂರು ಕೊಟೇಶನ್ ಬಂದವು. ಎಲ್ಲಕ್ಕಿಂತ ಕಡಿಮೆ ದರದವರು ಜಾಯಿಂಟಿನ ಗಾತ್ರ ಬರೆದಿರಲಿಲ್ಲ. ಆ ಕಾರಣವನ್ನೇ ಕಡತದಲ್ಲಿ ದಾಖಲಿಸಿ ಎರಡನೆಯವರಿಗೆ ಆರ್ಡರು ಕೊಡಲಾಯಿತು, ಆಡಿಟ್‌ನವರೂ ತಕರಾರು ತೆಗೆಯಲಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ,
ಕೋಲಾರ